ನೆಹೆಮೀಯನ ಗೋಡೆ

ಭಾನುವಾರ ಮಧ್ಯಾಹ್ನ ಮಲೇಷ್ಯಾದ ಮೆಲಾಕಾದ ಮನೆಯಲ್ಲಿ ಊಟಕ್ಕೆ ಕೂತಾಗಲೂ ಸುಕುಮಾರ ಜತ್ತನ್ನನ ತಲೆಯಲ್ಲಿ ಗೋಡೆಯೇ ಇತ್ತು. ತಟ್ಟೆಯಲ್ಲಿ ಬೀದಿ ಮೂಲೆಯ ಮಾಮಕ್ ಅಂಗಡಿಯಿಂದ, ಎಂದರೆ ತಮಿಳು ಮುಸ್ಲಿಮರ ಹೋಟೆಲಿನಿಂದ, ತಾಪಾವ್ ಎಂದು ಪಾರ್ಸೆಲ್ ಕಟ್ಟಿಸಿಕೊಂಡು ತಂದ ಅನ್ನ, ಮೀನಿನ ಸಾರು. ಎದುರಿಗೆ ಒಂದು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡ ಮಗಳು ಅನನ್ಯ. ಅವಳ ಹಿಂದೆ, ಆನ್‌ಲೈನ್ ಪಾಠಕ್ಕೆಂದು ಮೆಡಿಕಲ್ ಕಾಲೇಜಿನಿಂದ ಕಾರಿನ ಮುಂದಿನ ಸೀಟಿನಲ್ಲಿ ಬೆಲ್ಟು ಹಾಕಿ ಕೂರಿಸಿಕೊಂಡು ತಂದಿದ್ದ ಪ್ಲಾಸ್ಟಿಕ್ ಅಸ್ಥಿಪಂಜರ, ಅದರ ಪಕ್ಕೆಲುಬುಗಳಿಗೆ ಒಣಹಾಕಿದ ಮಾಸ್ಕುಗಳು. ಸಂಜೆ ಐದಕ್ಕೆ ಝೂಮ್ ಪ್ರಾರ್ಥನಾ ಕೂಟ, ಅದರಲ್ಲಿ ಅವನದೇ ಪ್ರಸಂಗ. ವಿಷಯ, ಬೈಬಲಿನ ನೆಹೆಮೀಯನು ಯೆರೂಸಲೇಮಿನ ಬಿದ್ದ ಗೋಡೆಯನ್ನು ಮತ್ತೆ ಕಟ್ಟಿಸಿದ್ದು. ವಿಷಯ ಆರಿಸಿದ್ದು ಅವನಲ್ಲ. ಅಮೆರಿಕದಲ್ಲಿ ಮಂಗಳವಾರ ಚುನಾವಣೆ. ಅಲ್ಲಿನ ಅಧ್ಯಕ್ಷರು ಗೋಡೆ ಕಟ್ಟುವವರು. ನೆಹೆಮೀಯನೂ ಗೋಡೆ ಕಟ್ಟಿದವನು. ಆದಕಾರಣ ಅಧ್ಯಕ್ಷರು ಗೆಲ್ಲಬೇಕು. ಈ ಲೆಕ್ಕವನ್ನು ಕೂಟ ನಡೆಸುವ ಸುಬಾಂಗ್ ಜಯಾದ ಬ್ರದರ್ ಗುರುದತ್ ಗುರುವಾರ ಫೋನಿನಲ್ಲಿ ಒಂದೇ ಉಸಿರಿಗೆ ಒಪ್ಪಿಸಿದಾಗ, ಅನಾಟಮಿ ಕಲಿಸುವ ಸುಕುಮಾರನಿಗೆ ಒಂದು ಮೂಳೆಗೂ ಇನ್ನೊಂದು ಮೂಳೆಗೂ ನಡುವೆ ಕೀಲೇ ಇಲ್ಲವಲ್ಲ ಅನ್ನಿಸಿತ್ತು. ಅನ್ನಿಸಿದ್ದನ್ನು ಹೇಳಲಿಲ್ಲ. ಎಲ್ಲಿಯ ಮೆಲಾಕಾ, ಎಲ್ಲಿಯ ಮೆಕ್ಸಿಕೊ ಗಡಿ! ಅವನಿಗೆ ಅಮೆರಿಕದಲ್ಲಿ ವೋಟಿಲ್ಲ, ಮಲೇಷ್ಯಾದಲ್ಲಿ ವೋಟಿಲ್ಲ, ಉಡುಪಿಯ ಪಟ್ಟಿಯಿಂದಲೂ ಹೆಸರು ಎಂದೋ ಹೋಗಿದೆ. ಭೂಮಿಯ ಮೇಲೆ ಎಲ್ಲಿಯೂ ಒಂದು ವೋಟು ಹಾಕಲಾರದ ಮನುಷ್ಯ ಅಮೆರಿಕದ ಫಲಿತಾಂಶಕ್ಕೆ ಜವಾಬ್ದಾರನಾಗಿ ಕೂತು ಮೀನಿನ ಮುಳ್ಳು ಬಿಡಿಸುತ್ತಿದ್ದ.

ಕೂಟವೆಂದರೆ ದೊಡ್ಡದೇನಲ್ಲ. ಮಲೇಷ್ಯಾದಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ಒಂದು ಹಿಡಿ ಕನ್ನಡ ಕ್ರೈಸ್ತರು: ಉಡುಪಿ ಕಡೆಯ ಹಳೆಯ ಬಾಸೆಲ್ ಮಿಶನ್ ಮನೆತನದ ಡಾಕ್ಟರುಗಳು, ಬೆಂಗಳೂರಿನ ಸಾಫ್ಟ್‌ವೇರಿನವರು. ಲಾಕ್‌ಡೌನ್ ಶುರುವಾದಾಗ ಗುರುದತ್ ಇವರನ್ನೆಲ್ಲ ಹುಡುಕಿ ಪರದೆಯ ಮೇಲೆ ಚೌಕಗಳಾಗಿ ಜೋಡಿಸಿದ್ದ. ಸುಳ್ಳು ಹೇಳಬಾರದು, ಆಗ ಅದರಿಂದ ಎಷ್ಟೋ ಜನಕ್ಕೆ ಜೀವ ಬಂದಿತ್ತು. ಯಾರಿಗೆ ಜ್ವರ, ಯಾರ ಕೆಲಸ ಹೋಯಿತು, ಯಾರ ಮಗು ಮಾತಾಡುವುದನ್ನೇ ಬಿಟ್ಟಿದೆ, ಎಲ್ಲವನ್ನೂ ಹೆಸರು ಹಿಡಿದು ದೇವರ ಮುಂದಿಡುತ್ತಿದ್ದರು. ಅಮೆರಿಕ ಯಾವಾಗ ಒಳಗೆ ಬಂತೋ ಅವನಿಗೆ ನೆನಪಿಲ್ಲ. ದೂರದ ನೆಂಟ ಬಂದ ಹಾಗೆ ಬಂತು. ಮೊದಲು ಚಾವಡಿಯಲ್ಲಿ ಕೂತಿತು, ಆಮೇಲೆ ಊಟಕ್ಕೆ ನಿಂತಿತು, ಈಗ ಮನೆಯವರೇ ಹೊರಗೆ ಚಾಪೆ ಹಾಸಿಕೊಳ್ಳುವ ಸ್ಥಿತಿ. ಅಲ್ಲಿನ ಯಾವುದೋ ಪ್ರವಾದಿಯ ವಿಡಿಯೋ, ಅಧ್ಯಕ್ಷರನ್ನು ಸ್ವತಃ ದೇವರೇ ನೇಮಿಸಿದ್ದಾರೆ ಎಂಬ ದರ್ಶನ, ಅವರು ಸೋತರೆ ಕುಟುಂಬ, ಮದುವೆ, ಕ್ರಿಸ್ಮಸ್ ಎಲ್ಲ ಮುಳುಗಿತು ಎಂಬ ಎಚ್ಚರಿಕೆ. ಸುಕುಮಾರನ ಅಪ್ಪ ಉಡುಪಿಯ ಚರ್ಚಿನಲ್ಲಿ ಸಭಾಹಿರಿಯರಾಗಿದ್ದರು. ಪ್ರತಿ ಭಾನುವಾರ ಎದ್ದು ನಿಂತು, ಕಣ್ಣು ಮುಚ್ಚಿ, ನಮ್ಮನ್ನು ಆಳುವವರಿಗೆ ಒಳ್ಳೆಯ ಬುದ್ಧಿ ಕೊಡು ಸ್ವಾಮೀ ಎನ್ನುತ್ತಿದ್ದರು. ದಿಲ್ಲಿಯಲ್ಲಿ ಯಾರೇ ಕೂತಿರಲಿ, ಅದೇ ಮಾತು, ಅದೇ ಧ್ವನಿ. ಆಳುವವರಿಗೆ ಅದೊಂದು ಇರುವುದಿಲ್ಲವೆಂದು ಅಪ್ಪ ಮೊದಲೇ ತೀರ್ಮಾನಿಸಿದಂತಿತ್ತು. ಈ ಕೂಟದಲ್ಲಿ ಬುದ್ಧಿ ಕೊಡು ಎನ್ನುವುದು ಹೋಗಿ ಸೀಟು ಕೊಡು ಎಂದಾಗಿತ್ತು. ಅಪ್ಪ ಇದ್ದಿದ್ದರೆ ಏನು ಹೇಳುತ್ತಿದ್ದರೋ. ಪುಣ್ಯಕ್ಕೆ ಅವರಿಗೆ ಝೂಮ್ ಬರುತ್ತಿರಲಿಲ್ಲ.

ಇಷ್ಟೆಲ್ಲ ತಿಳಿದೂ ಅವನು ಒಪ್ಪಿಕೊಂಡಿದ್ದಕ್ಕೆ ಕಾರಣ ಒಂದೇ, ಅದು ಸುಗಂಧಿ. ಅವನ ಹೆಂಡತಿ ಮಾರ್ಚಿನಲ್ಲಿ ತನ್ನ ತಂಗಿ ಸರೋಜಿನಿಯ ಮಗಳ ಮದುವೆಗೆಂದು ಮಣಿಪಾಲಕ್ಕೆ ಹೋದವಳು ಅಲ್ಲೇ ಸಿಕ್ಕಿಬಿದ್ದಿದ್ದಳು. ಮೊದಲು ವಿಮಾನ ನಿಂತಿತು. ಸೆಪ್ಟೆಂಬರಿನಲ್ಲಿ ಮಲೇಷ್ಯಾದವರು ಭಾರತದಿಂದ ಬರುವವರಿಗೆಲ್ಲ ಬಾಗಿಲು ಹಾಕಿದರು. ವಾಸದ ಪಾಸು ಇರಲಿ, ಮನೆ ಇರಲಿ, ಮಗಳಿರಲಿ, ಇಲ್ಲವೆಂದರೆ ಇಲ್ಲ. ಅರ್ಜಿ ಹಾಕಿದರೆ ನಿಮ್ಮ ಅರ್ಜಿ ತಲುಪಿದೆ ಎಂಬ ಉತ್ತರ ಬರುತ್ತಿತ್ತು, ಅದರಾಚೆಗೆ ಏನೂ ಇಲ್ಲ. ಗುರುವಾರ ಗುರುದತ್ ಅಮೆರಿಕದ ಮಾತು ಮುಗಿಸಿ, ದನಿ ತಗ್ಗಿಸಿ, ಬೇರೆಯೇ ಒಂದು ವಿಷಯ ತೆಗೆದಿದ್ದ.

"ಬ್ರದರ್, ಈ ಸಂಡೇ ಡಾತುಕ್ ಜ್ಞಾನಮುತ್ತು ಜಾಯ್ನ್ ಆಗ್ತಿದ್ದಾರೆ. ನಿಮಗೇನು ಅರ್ಥ ಆಯ್ತು?"

"ಎಂತ ಅರ್ಥ ಆಗ್ಬೇಕು?" ಎಂದ ಸುಕುಮಾರ. ಡಾತುಕ್ ಎಂದರೆ ಈ ದೇಶದಲ್ಲಿ ಸರ್ಕಾರ ಕೊಡುವ ಬಿರುದು, ಹಿಂದೆ ನಮ್ಮಲ್ಲಿ ರಾವ್‌ಬಹಾದ್ದೂರ್ ಇದ್ದ ಹಾಗೆ, ಅಷ್ಟು ಅವನಿಗೆ ಗೊತ್ತಿತ್ತು.

"ಏನ್ ಬ್ರದರ್ ನೀವು! ಮೇಲೆ ಯಾರು ಕೂತ್ರೂ ಅವರ ನಂಬರ್ ಇವರ ಫೋನಲ್ಲಿರುತ್ತೆ. ದೊಡ್ಡ ವಿಶ್ವಾಸಿ ಮನುಷ್ಯ. ಗೋಡೆ ಅಂದ್ರೆ ಪ್ರಾಣ ಬಿಡ್ತಾರೆ. ನಿಮ್ಮ ಮೆಸೇಜ್ ಅವರಿಗೆ ಹಿಡಿಸ್ತು ಅಂತಿಟ್ಕೊಳ್ಳಿ, ಒಂದು ಕಾಲ್, ಸಿಸ್ಟರ್ ಕ್ರಿಸ್ಮಸ್‌ಗೆ ಮನೇಲಿರ್ತಾರೆ. ಕನ್ನಡ ಬರಲ್ಲ ಅವರಿಗೆ, ನಮ್ಮ ಸ್ವರ್ಣಲತಾ ತಮಿಳಿಗೆ ಮಾಡ್ತಾಳೆ. ನೀವು ಮಾತ್ರ ಸ್ವಲ್ಪ ಖಾರವಾಗಿ ಹೇಳ್ಬಿಡಿ."

ಫೋನಿಟ್ಟ ಮೇಲೆ ಸುಕುಮಾರ ಬಹಳ ಹೊತ್ತು ಅಸ್ಥಿಪಂಜರದ ಎದುರು ನಿಂತಿದ್ದ. ಹೆಂಡತಿಯನ್ನು ಗೋಡೆ ದಾಟಿಸಿ ಒಳಗೆ ತರಲು ಅವನು ಗೋಡೆಯನ್ನು ಹೊಗಳಬೇಕು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಬುರುಡೆಯೊಂದು ಮಾತ್ರ ಹಲ್ಲು ಕಿರಿದುಕೊಂಡೇ ಇತ್ತು. ಮೂರು ದಿನ ಬೈಬಲು ಬಿಚ್ಚುತ್ತ ಮುಚ್ಚುತ್ತ ಕಳೆದ. ನೆಹೆಮೀಯನ ಪುಸ್ತಕದ ಕೊನೆಯವರೆಗೂ ಓದಿದ್ದು ತಪ್ಪಾಯಿತು. ಗೋಡೆಯೆಲ್ಲ ಕಟ್ಟಿ ಮುಗಿಸಿದ ಮೇಲೆ ಆ ಮನುಷ್ಯ ಪರದೇಶದ ಹೆಂಗಸರನ್ನು ಮದುವೆಯಾದವರನ್ನು ಹಿಡಿದು, ಹೊಡೆದು, ಕೂದಲು ಕಿತ್ತ ಎಂದಿತ್ತು. ಅವನ ಹೆಗಲ ಮೇಲಿಂದ ಇಣುಕಿದ ಅನನ್ಯ, "ಪಪ್ಪಾ, ಹೀ ಆಕ್ಚುಲೀ ಪುಲ್ಡ್ ದೇರ್ ಹೇರ್?" ಎಂದು ಕೇಳಿದಳು. ಅವನು ತನ್ನ ಬೋಳು ನೆತ್ತಿಯನ್ನು ಸವರಿಕೊಂಡು, ಅಷ್ಟು ದೂರ ನಾನು ಹೋಗುವುದಿಲ್ಲ ಎಂದ.

ಊಟ ಮುಗಿಯುವಷ್ಟರಲ್ಲಿ ಸುಗಂಧಿಯ ಫೋನು ಬಂತು. "ಪ್ರಸಂಗ ರೆಡಿ ಉಂಟಾ?"

"ಉಂಟು. ಆದ್ರೆ ಮನಸ್ಸಿಗೆ ಸಮಾಧಾನ ಇಲ್ಲ ಮಾರಾಯ್ತಿ. ನಾವೇ ಇಲ್ಲಿ ಹೊರಗಿನವರು. ನೀನು ನೋಡಿದ್ರೆ ಬಾಗಿಲಿನ ಆಚೆ ನಿಂತಿದ್ದಿ. ಬಾಗಿಲು ಹಾಕುದೇ ಸರಿ ಅಂತ ನಾನು ಹ್ಯಾಗೆ ಹೇಳುದು?"

"ನಾನು ಒಳಗೆ ಬಂದ ಮೇಲೆ ಹಾಕ್ಲಿ."

"ತಮಾಷೆ ಅಲ್ಲ ಸುಗಂಧಿ."

"ನಂಗೂ ತಮಾಷೆ ಅಲ್ಲ ಮಾರಾಯ್ರೆ. ಯಾರ ಮದುವೆಗೆ ಅಂತ ಬಂದೆನೋ ಅವಳಿಗೀಗ ಏಳು ತಿಂಗಳು. ನಾನಿನ್ನೂ ಮದುವೆಗೆ ಬಂದ ನೆಂಟರು. ಸರೋಜಿನಿ ಒಳ್ಳೆಯವಳೇ, ಆದ್ರೆ ನಿನ್ನೆ ನಾನು ಸಾರಿಗೆ ಉಪ್ಪು ಹಾಕಿದ ಮೇಲೆ ಅವಳು ಪುನಃ ರುಚಿ ನೋಡಿದ್ಲು. ನೀವು ಗೋಡೆ ಅಂತ ಹೇಳಿ, ಗೋಪುರ ಅಂತ ಹೇಳಿ, ಆ ಡಾತುಕ್ಕಿಗೆ ಬೇಕಾದ್ರೆ ಒಂದು ಪದ್ಯ ಹೇಳಿ. ನನ್ನನ್ನು ಮನೆಗೆ ಕರೆಸಿ."

ಕೊನೆಯ ಮಾತಿಗೆ ಅವಳ ದನಿ ಸ್ವಲ್ಪ ಅದುರಿತು. ಸುಕುಮಾರ ತಟ್ಟೆ ಬದಿಗೆ ಸರಿಸಿದ. ಆಯ್ತು ಎಂದ. ಅವನಿಗೆ ಅವಳು ಬೇಕಿತ್ತು, ಅಷ್ಟೇ ಸತ್ಯ. ಅಡುಗೆಗೆಂದಲ್ಲ, ಅನನ್ಯಳ ಮೇಲೆ ಕಣ್ಣಿಡುವುದಕ್ಕೆಂದಲ್ಲ, ಬೆಳಿಗ್ಗೆ ಎದ್ದಾಗ ತನ್ನನ್ನು ಗೇಲಿ ಮಾಡುವುದಕ್ಕೆ ಒಂದು ಜೀವ ಮನೆಯಲ್ಲಿರಬೇಕಿತ್ತು. ಹಾಗೆಂದು ಬಾಯಿಬಿಟ್ಟು ಯಾವತ್ತೂ ಹೇಳಿದವನಲ್ಲ. ಅವರ ಮನೆತನದಲ್ಲಿ ಗಂಡಸರು ದೇವರಿಗೆ ಮಾತ್ರ ಹಾಗೆಲ್ಲ ಹೇಳುತ್ತಿದ್ದರು, ಅದೂ ಹಾಡಿನ ಪುಸ್ತಕ ನೋಡಿಕೊಂಡು. ಕೊನೆಗೆ ಅವನೊಂದು ಉಪಾಯ ಮಾಡಿದ. ನೆಹೆಮೀಯನ ಗೋಡೆಗೆ ಬಾಗಿಲುಗಳೂ ಇದ್ದವಲ್ಲ, ಕುರಿಬಾಗಿಲು, ಮೀನುಬಾಗಿಲು, ತಿಪ್ಪೆಬಾಗಿಲು ಎಂದು ಸಾಲು ಸಾಲಾಗಿ. ಅರ್ಧ ಪ್ರಸಂಗ ಗೋಡೆಗೆ, ಅರ್ಧ ಬಾಗಿಲಿಗೆ. ಗೋಡೆ ಡಾತುಕ್ಕಿಗೆ, ಬಾಗಿಲು ಸುಗಂಧಿಗೆ, ದೇವರಿಗೆ ಯಾವುದು ಬೇಕೋ ಅವರೇ ಆರಿಸಿಕೊಳ್ಳಲಿ. ಇಷ್ಟು ಜಾಣತನ ತನ್ನಲ್ಲಿತ್ತೇ ಎಂದು ಅವನಿಗೇ ಖುಷಿಯಾಯಿತು.

ಐದಕ್ಕೆ ಚೌಕಗಳು ಒಂದೊಂದೇ ತೆರೆದುಕೊಂಡವು. ಗುರುದತ್‌ನ ಹಿಂದೆ ಅಮೆರಿಕದ ಬಾವುಟದ ಚಿತ್ರ; ಅವನು ಅಲುಗಾಡಿದಾಗಲೆಲ್ಲ ಒಂದು ಕಿವಿ ಬಾವುಟದೊಳಗೆ ಕರಗಿ ಮತ್ತೆ ಹುಟ್ಟುತ್ತಿತ್ತು. ಪಕ್ಕದ ಚೌಕದಲ್ಲಿ ಅವನ ಹೆಂಡತಿ ಸ್ವರ್ಣಲತಾ, ಕೆ.ಜಿ.ಎಫ್‌.ನಲ್ಲಿ ಬೆಳೆದವಳು, ಸೊಂಟ ಕಟ್ಟಿ ಸಿದ್ಧಳಾಗಿದ್ದಳು. ಮಣಿಪಾಲದ ಚೌಕದಲ್ಲಿ ಸುಗಂಧಿ ಮಡಿಲಲ್ಲಿ ಮೊರ ಇಟ್ಟುಕೊಂಡು ಬಸಳೆ ಸೊಪ್ಪು ಬಿಡಿಸುತ್ತಿದ್ದಳು. ಡಾತುಕ್ ಜ್ಞಾನಮುತ್ತು ಬಂದರು, ಎಂದರೆ ಅವರ ಹಣೆ ಬಂತು. ಫೋನನ್ನು ಹೇಗೆ ಹಿಡಿದಿದ್ದರೋ, ಅಗಲವಾದ ಹಣೆ, ಅದರ ಮೇಲೆ ತಿರುಗುವ ಫ್ಯಾನು, ಅಷ್ಟೇ ಕಾಣುತ್ತಿತ್ತು. ಕೂಟದವರೆಲ್ಲ ಆ ಹಣೆಗೆ ಕೈಮುಗಿದರು. ಸುಕುಮಾರನೂ ಮುಗಿದ, ಉಳಿದವರಿಗಿಂತ ಸ್ವಲ್ಪ ಮೇಲಕ್ಕೇ ಮುಗಿದ, ಆಮೇಲೆ ನಾಚಿಕೆಯಾಗಿ ಕನ್ನಡಕ ಒರೆಸುವ ನೆಪ ಮಾಡಿದ.

ಪ್ರಸಂಗ ಶುರುವಾಯಿತು. ಅವನು ಒಂದು ವಾಕ್ಯ ಹೇಳಿ ನಿಲ್ಲಿಸಬೇಕು, ಸ್ವರ್ಣಲತಾ ತಮಿಳಿನಲ್ಲಿ ಹೇಳಬೇಕು, ಮತ್ತೆ ಅವನು. ಯೆರೂಸಲೇಮಿನ ಗೋಡೆ ಬಿದ್ದುಹೋಗಿತ್ತು ಎಂದು ಅವನು ಹಾಜರಿ ಕೂಗುವ ದನಿಯಲ್ಲಿ ಹೇಳಿದ. ಸ್ವರ್ಣಲತಾ ಕಣ್ಣು ಮುಚ್ಚಿ, ಕೈ ಮೇಲೆತ್ತಿ, ಬಿದ್ದ ಗೋಡೆಗಾಗಿ ಕಂಬನಿ ತುಂಬಿಕೊಂಡು, ಅದೇ ಮಾತನ್ನು ನಾಲ್ಕು ಪಟ್ಟು ಉದ್ದ ಮಾಡಿ ಹೇಳಿದಳು. ಅವನು ಇಟ್ಟಿಗೆ ಕೊಟ್ಟರೆ ಅವಳು ಕೋಟೆ ಕಟ್ಟಿಬಿಡುತ್ತಿದ್ದಳು. ಹಣೆ ಮೇಲೆ ಕೆಳಗೆ ಆಡಿತು. ಕುರಿಬಾಗಿಲು ಬಂತು, ಬಾಗಿಲು ಎನ್ನುವಾಗ ಅವನು ಸುಗಂಧಿಯ ಚೌಕ ನೋಡಿದ, ಅವಳು ಸಣ್ಣಗೆ ನಕ್ಕಳು. ಮೀನುಬಾಗಿಲು ಬಂತು. ಅಲ್ಲಿ ಹಣೆಯ ಕೆಳಗಿಂದ, ಮಾತಿನ ತುದಿಗೆ ಇಲ್ಲಿಯವರ ‘ಲಾ’ ಅಂಟಿಸಿಕೊಂಡು, ಒಂದು ದೊಡ್ಡ ದನಿ ಎದ್ದಿತು: "ಆಮೆನ್! ಡಾಕ್ಟರ್, ಪವರ್‌ಫುಲ್ ಲಾ!" ಚೌಕಗಳ ತುಂಬ ಚಪ್ಪಾಳೆಯ ಗುರುತುಗಳು ತೇಲಿದವು.

ಒಂದು ಮಾತು ಇಲ್ಲಿ ಹೇಳಬೇಕು. ಎಂಟು ತಿಂಗಳಿಂದ ಸುಕುಮಾರ ಕಪ್ಪು ಚೌಕಗಳಿಗೆ ಪಾಠ ಮಾಡುತ್ತಿದ್ದ. ತೊಡೆಯ ಮೂಳೆಯನ್ನು ಕ್ಯಾಮೆರಾದೆದುರು ಹಿಡಿದು ಇದು ಯಾವುದು ಎಂದು ಕೇಳಿದರೆ ಉತ್ತರ ಬರುತ್ತಿರಲಿಲ್ಲ. ಯಾರಾದರೂ ಇದ್ದೀರಾ ಎಂದು ಕೇಳಿದರೂ ಬರುತ್ತಿರಲಿಲ್ಲ. ಒಮ್ಮೆ ಕ್ಲಾಸು ಮುಗಿದ ಮೇಲೆ ತಿಳಿದಿತ್ತು, ಅವನು ಮೊದಲಿಂದ ಕೊನೆಯವರೆಗೂ ಒಬ್ಬನೇ ಇದ್ದ. ಮನೆಯಲ್ಲಿ ಮಗಳ ಕಿವಿಗೆ ಇಯರ್‌ಫೋನು. ಕಾಲೇಜಿನ ಡೀನ್ ಅವನನ್ನು ಇಂದಿಗೂ ಬಯೋಕೆಮಿಸ್ಟ್ರಿಯವನೆಂದು ತಿಳಿದಿದ್ದಾರೆ. ಅಂಥವನ ಬಾಯಿಂದ ಹೊರಟ ಮಾತು ಈಗ ತಮಿಳಿನಲ್ಲಿ ಬೆಂಕಿ ಹತ್ತಿಕೊಂಡು, ಒಬ್ಬ ಡಾತುಕ್ಕಿನ ಹಣೆಗೆ ತಾಗಿ, ಆಮೆನ್ ಆಗಿ ಮರಳಿ ಬಂದಿತ್ತು. ಅವನ ಬೆನ್ನು ನೆಟ್ಟಗಾಯಿತು. ಮುಂದಿನ ವಾಕ್ಯವನ್ನು ಅವನು ಸ್ವರ್ಣಲತಾಳಂತೆ ಹೇಳಿದ. ಅದರ ಮುಂದಿನದನ್ನು ಅವಳಿಗಿಂತ ಜೋರಾಗಿ ಹೇಳಿದ. ಇನ್ನುಳಿದ ಬಾಗಿಲುಗಳು ಕಾಗದದಲ್ಲೇ ಉಳಿದವು. ಏದೆನ್ ತೋಟದ ಬಾಗಿಲಿಗೆ ಕತ್ತಿಯಿಟ್ಟು ಕಾವಲು ಹಾಕಿದ್ದು ಯಾರು, ದೇವರಲ್ಲವೇ ಎಂದ. ಬಂದವರಿಗೆಲ್ಲ ಬಾಗಿಲು ತೆಗೆಯುವ ಮನೆ ಮನೆಯಲ್ಲ, ಛತ್ರ ಎಂದ. ಇಂದು ದೇವರು ಒಬ್ಬ ನೆಹೆಮೀಯನನ್ನು ಎಬ್ಬಿಸಿದ್ದಾನೆ, ಮಂಗಳವಾರ ಲೋಕ ಅದನ್ನು ನೋಡಲಿದೆ ಎಂದ. ಬರೆದುಕೊಳ್ಳದ ಮಾತುಗಳು ತಾವಾಗಿ ಸಾಲುಗಟ್ಟಿ ಬರುತ್ತಿದ್ದವು, ಒಂದಕ್ಕಿಂತ ಒಂದು ಭರ್ಜರಿ. ಕೊನೆಯದಾಗಿ, ಎಲ್ಲಿಂದ ಬಂತೋ ಅವನಿಗೇ ತಿಳಿಯದು, ಕೈ ಮೇಲೆತ್ತಿ ಹೇಳಿದ: "ಹೊರಗೆ ಉಳಿದವರು ಅಳಬಹುದು ಪ್ರಿಯರೇ. ಆ ಅಳುವಿಗೆ ಕಾವಲುಗಾರನ ಕೈ ಕರಗಿತೋ, ಊರು ಮುಳುಗಿತು!" ಸ್ವರ್ಣಲತಾ ಅದನ್ನು ಎರಡು ಸಲ ಹೇಳಿದಳು. ಮಣಿಪಾಲದ ಚೌಕದಲ್ಲಿ ಬಸಳೆ ಬಿಡಿಸುತ್ತಿದ್ದ ಕೈ ನಿಂತಿತ್ತು. ಅವನು ನೋಡಿದ್ದು ಹಣೆಯ ಕಡೆಗೆ.

ಹಣೆ ಕೆಳಗಿಳಿದು, ಮೊದಲ ಸಲಕ್ಕೆ ಎರಡು ಕಣ್ಣು ಕಾಣಿಸಿದವು, ಒದ್ದೆಯಾಗಿದ್ದವು. ಡಾತುಕ್ ತಮಿಳಿನಲ್ಲಿ ಮಾತಾಡತೊಡಗಿದರು. ಸ್ವರ್ಣಲತಾ ಈಗ ತಿರುಗಿ ಕನ್ನಡಕ್ಕೆ, ಅಷ್ಟೇ ಆವೇಶದಿಂದ:

"ನಾನು ಇವತ್ತು ಒಂದು ಫೋನ್ ಮಾಡ್ಬೇಕು ಅಂತ ಕೂತಿದ್ದೆ! ನಮ್ಮ ಡಾಕ್ಟರ್ ಮನೆಯವರಿಗೋಸ್ಕರ! ನಂಬರ್ ಕೂಡ ತೆಗೆದಿಟ್ಟಿದ್ದೆ! ಆದರೆ ಡಾಕ್ಟರ ಬಾಯಿಂದಾನೇ ದೇವರು ನನ್ನನ್ನ ತಡೆದ್ರು! ನಾನ್ಯಾರು ಗೋಡೇಲಿ ತೂತು ಕೊರೆಯೋಕೆ? ತನ್ನ ಹೆಂಡತಿ ಹೊರಗಿದ್ದರೂ ಕೈ ಕರಗಬಾರದು ಅಂತ ಹೇಳೋ ಗಂಡಸು ನಮ್ಮ ಮಧ್ಯೆ ಇದ್ದಾನಲ್ಲ! ಇಂಥ ನಂಬಿಕೆಯನ್ನ ನಾನು ಎಲ್ಲೂ ನೋಡಿಲ್ಲ! ಸರ್ಕಾರ ಹಾಕಿದ ಬಾಗಿಲು ಸರ್ಕಾರವೇ ತೆಗೆಯಲಿ! ಎಲ್ಲರೂ ಆಮೆನ್ ಅನ್ನಿ!"

ಆಮೆನ್ ಎಂದರು ಎಲ್ಲರೂ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದ್ದು ಸುಕುಮಾರನ ದನಿ. ಬಾಯಿಗೆ ಹುಟ್ಟಿದಂದಿನಿಂದ ಅಭ್ಯಾಸ. ಯಾರಾದರೂ ಅನ್ನಿ ಎಂದರೆ ಅದು ತಲೆಯನ್ನು ಕೇಳುವುದಿಲ್ಲ. ತಲೆಗೆ ವಿಷಯ ತಲುಪಿದ್ದು ಆಮೇಲೆ. ತಲುಪಿದಾಗ ಅವನ ಕಿವಿಗಳು ಕಾದ ಹಂಚಿನಂತಾದವು. ಆ ಮನುಷ್ಯ ಫೋನ್ ಮಾಡುವವನಿದ್ದ. ಸುಮ್ಮನೆ ಕಂಠಪಾಠ ಒಪ್ಪಿಸಿದ್ದರೂ ಮಾಡುತ್ತಿದ್ದ. ಅವನನ್ನು ತಡೆದವನು ನಾನು, ನನ್ನ ವಾಕ್ಚಾತುರ್ಯ. ಇಷ್ಟು ತಿಂಗಳು ದೇವರ ಹೆಸರಲ್ಲಿ ಕೂಡಿ ನ್ಯಾಯ, ನೀತಿ, ಕುಟುಂಬ ಎಂದದ್ದೆಲ್ಲ ಕೊನೆಗೆ ಯಾರ ಫೋನಲ್ಲಿ ಯಾರ ನಂಬರಿದೆ ಎಂಬಲ್ಲಿಗೆ ಬಂದು ನಿಂತಿತಲ್ಲ. ಮತ್ತು ಥೂ, ಆ ನಂಬರಿಗಾಗಿ ನಾನೂ ಸರದಿಯಲ್ಲಿ ನಿಂತಿದ್ದೆನಲ್ಲ! "ಡಾತುಕ್, ಒಂದು ನಿಮಿಷ..." ಎಂದು ಬಾಯಿ ತೆರೆದ. ಅಷ್ಟರಲ್ಲಿ ಗುರುದತ್, "ಈಗ ಅಮೆರಿಕಕ್ಕಾಗಿ ಒಂದೇ ಮನಸ್ಸಿಂದ ಪ್ರಾರ್ಥನೆ, ಡಿಸ್ಟರ್ಬ್ ಆಗದ ಹಾಗೆ ಎಲ್ಲರನ್ನೂ ಮ್ಯೂಟ್ ಮಾಡ್ತೀನಿ" ಎಂದು ಒಂದು ಗುಂಡಿ ಒತ್ತಿದ.

ಸುಕುಮಾರನಿಗೆ ಮ್ಯೂಟು ಗೀಟು ಯಾವುದೂ ಕಾಣಲಿಲ್ಲ. ಅವನು ಕುರ್ಚಿಯಿಂದೆದ್ದು ಮಾತಾಡಿದ. ಅಮೆರಿಕವನ್ನು ಯಾರಾದರೂ ಆಳಿಕೊಳ್ಳಲಿ, ನನಗೆ ಸುಗಂಧಿ ಬೇಕು ಎಂದ. ಗೋಡೆ ಹಾಳಾಗಲಿ ಎಂದ. ನಾನು ಹೇಳಿದ್ದು ನೆಹೆಮೀಯನಿಗಾಗಿಯೂ ಅಲ್ಲ, ದೇವರಿಗಾಗಿಯೂ ಅಲ್ಲ, ಒಂದು ಫೋನ್ ಕಾಲಿಗಾಗಿ ಎಂದ. ಅವಳಿಲ್ಲದೆ ಈ ಮನೆ ಮನೆಯ ಹಾಗಿಲ್ಲ, ನಾನು ಅಸ್ಥಿಪಂಜರದ ಹತ್ತಿರ ಮಾತಾಡುತ್ತೇನೆ ಎಂದ. ಎದೆ ಬಡಿದುಕೊಂಡ, ಕಣ್ಣೀರು ಮೂಗಿನವರೆಗೆ ಇಳಿಯಿತು. ಪರದೆಯಲ್ಲಿ ಜನ ಅದನ್ನೆಲ್ಲ ನೋಡುತ್ತಿದ್ದರು. ಸ್ವರ್ಣಲತಾ ಎದೆಗೆ ಕೈಯಿಟ್ಟು ತಲೆಯಾಡಿಸಿದಳು. ಡಾತುಕ್ಕಿನ ಹಣೆ ಭಕ್ತಿಯಿಂದ ಬಾಗಿತು. ಪರದೆಯ ಪಕ್ಕದಲ್ಲಿ ಗುರುದತ್ ಟೈಪು ಮಾಡಿದ್ದು ಮೂಡಿತು: ಬ್ರದರ್ ಸುಕುಮಾರ್ ಅಮೆರಿಕಕ್ಕಾಗಿ ಎಷ್ಟು ಭಾರದಿಂದ ಪ್ರಾರ್ಥಿಸ್ತಿದ್ದಾರೆ ನೋಡಿ, ನಾವೂ ಹಾಗೇ ಮಾಡೋಣ. ಒಬ್ಬೊಬ್ಬರಾಗಿ ಚೌಕಗಳಲ್ಲಿ ಜನ ಎದ್ದು ನಿಂತು ಎದೆ ಬಡಿದುಕೊಳ್ಳತೊಡಗಿದರು. ಮಣಿಪಾಲದ ಚೌಕ ಮಾತ್ರ ಖಾಲಿಯಾಯಿತು, ಆಮೇಲೆ ಇಲ್ಲವಾಯಿತು.

ಅವನು ಲ್ಯಾಪ್‌ಟಾಪನ್ನು ಹಾಗೆಯೇ ಬಿಟ್ಟು ಅಡುಗೆಮನೆಗೆ ಹೋಗಿ ಮುಖ ತೊಳೆಯುವಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ಬಾಯಿ ಆಡಿಸ್ತಾ ಇದ್ರಿ. ಎಂತ ಹೇಳಿದ್ದು?" ಎಂದಳು ಸುಗಂಧಿ.

"ಎಂತ ಇಲ್ಲ."

"ಹೇಳಿ."

ದೇಶ ತುಂಬ ಜನರೆದುರು ಕೂಗಿದ್ದನ್ನು ಒಬ್ಬಳ ಕಿವಿಗೆ ಹೇಳಲು ಅವನಿಗೆ ನಾಲಗೆ ಏಳಲಿಲ್ಲ. ನಲ್ಲಿ ನಿಲ್ಲಿಸಿದ. "ನಂಗೆ ನೀನು ಬೇಕು ಅಂತ ಹೇಳಿದೆ. ನೀನಿಲ್ಲದೆ ಆಗುದಿಲ್ಲ ಅಂತ."

ಅವಳು ಮೂಗೆಳೆದುಕೊಂಡಿದ್ದು ಕೇಳಿಸಿತು. "ಮದುವೆಯಾಗಿ ಇಷ್ಟು ವರ್ಷಕ್ಕೆ ಹೇಳಿದ್ರಿ, ಅದನ್ನೂ ಮ್ಯೂಟಲ್ಲಿ ಹೇಳಿದ್ರಿ," ಎಂದಳು. ಅವನು ನಗಲು ನೋಡಿದ. "ಬಿಡಿ ಮಾರಾಯ್ರೆ, ಮಂಡೆಬಿಸಿ ಮಾಡ್ಬೇಡಿ. ಹೋದ್ರೆ ಹೋಯ್ತು. ಆ ಡಾತುಕ್ಕಿನ ಫೋನ್ ಇಲ್ಲದಿದ್ರೆ ಬಾಗಿಲು ತೆಗಿದೇ ಇರುದಿಲ್ಲ, ಇನ್ನು ನಾಲ್ಕು ತಿಂಗಳು ಸರೋಜಿನಿ ಉಪ್ಪು ನೋಡ್ಲಿ. ಅಲ್ಲಿ ನೀವು ಆಡಿದ್ದೆಲ್ಲ ನಂಗೋಸ್ಕರ ಅಲ್ವಾ, ನಾನೇ ಹೇಳಿ ಅಂದದ್ದು. ಹೊರಗಿದ್ದವರು ಅಳ್ಲಿ ಅಂತ ನೀವು ಮನಸ್ಸಿಂದ ಹೇಳಿದ್ದಾಗಿದ್ರೆ ಮಾತ್ರ ನಾನು ಆ ಮನೆಗೆ ಪುನಃ ಕಾಲಿಡ್ತಾ ಇರ್ಲಿಲ್ಲ."

ಹ್ಞೂಂ ಎಂದರೆ ಸಾಕಿತ್ತು. ಒಂದು ಹ್ಞೂಂ, ಎಲ್ಲ ಮುಗಿದು ಅವಳು ಅವನವಳಾಗಿಯೇ ಉಳಿಯುತ್ತಿದ್ದಳು, ಬರುವುದು ಯಾವಾಗಲಾದರಾಗಲಿ. ಹಾಲಿನಲ್ಲಿ ಲ್ಯಾಪ್‌ಟಾಪಿನಿಂದ ಗುರುದತ್ ಅಮೆರಿಕದ ಒಂದೊಂದೇ ರಾಜ್ಯವನ್ನು ಹೆಸರು ಹಿಡಿದು ದೇವರಿಗೆ ಒಪ್ಪಿಸುತ್ತಿದ್ದ. ಅನನ್ಯ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಎರಡೂ ಕಿವಿ ಖಾಲಿ. ಸುಕುಮಾರನಿಗೆ ಬಾಯಿಯವರೆಗೂ ಬಂದ ಹ್ಞೂಂ ಅಲ್ಲೇ ನಿಂತಿತು.

"ಸುಗಂಧಿ," ಎಂದ. "ಮೀನುಬಾಗಿಲಿನವರೆಗೆ ನಿನಗೋಸ್ಕರ ಹೇಳಿದ್ದು."

"ಆಮೇಲೆ?"

"ಆಮೇಲೆ..." ಎಂದು ನಿಲ್ಲಿಸಿದ್ದ ನಲ್ಲಿಯನ್ನೇ ಇನ್ನಷ್ಟು ಬಿಗಿಯಾಗಿ ತಿರುಗಿಸಿದ. "ಆಮೇಲೆ ಮಾತು ಚಂದ ಬರ್ತಾ ಇತ್ತು ಮಾರಾಯ್ತಿ."